ಒಂದು ಪಾತ್ರ ಪೂರ್ತಿ ಅವರ ಕೈಗೆ: ನಾಟಕದ ವಸ್ತ್ರವಿನ್ಯಾಸವನ್ನು ಹದಿಹರೆಯದವರಿಗೆ ಕಲಿಸುವ ಬಗೆ

ಹವ್ಯಾಸಿ ನಾಟಕ ತಂಡಗಳಲ್ಲಿ ಒಂದು ರೂಢಿ ಇದೆ. ಪಾತ್ರ ಸಿಗದ ಹುಡುಗ ಹುಡುಗಿಯರನ್ನು ‘ನೀನು ಕಾಸ್ಟ್ಯೂಮ್ ನೋಡ್ಕೊಳಮ್ಮ’ ಅಂತ ಒಳಗೆ ಕಳಿಸಿಬಿಡುತ್ತೇವೆ. ಅಲ್ಲಿ ಅವರ ಕೈಗೆ ಒಂದು ಇಸ್ತ್ರಿ ಪೆಟ್ಟಿಗೆ, ಒಂದು ಡಬ್ಬಿ ಪಿನ್ನು ಸಿಗುತ್ತದೆ. ಮೂರು ಪ್ರದರ್ಶನ ಮುಗಿದರೂ ಅವರು ಕಲಿತದ್ದು ಇಸ್ತ್ರಿ ಹಾಕುವುದು ಮಾತ್ರ. ನಾಲ್ಕನೆಯ ನಾಟಕಕ್ಕೆ ಕರೆದರೆ ‘ಪರೀಕ್ಷೆ ಇದೆ ಅಕ್ಕಾ’ ಅನ್ನುತ್ತಾರೆ.

ನಾಟಕಗಳಿಗೆ ವಸ್ತ್ರದ ಕೆಲಸ ಮಾಡುತ್ತಾ, 14ರಿಂದ 20 ವಯಸ್ಸಿನ ಮಕ್ಕಳಿಗೆ ಅದನ್ನು ಕಲಿಸುತ್ತಾ ಬಂದವಳು ನಾನು. ಮೊದಮೊದಲು ನಾನೂ ಹೀಗೇ ಮಾಡಿದೆ. ಈಗ ಬಂದವರಿಗೆಲ್ಲ ಒಂದೊಂದು ಪಾತ್ರ ಕೊಡುತ್ತೇನೆ. ಆಡುವುದಕ್ಕಲ್ಲ, ಉಡಿಸುವುದಕ್ಕೆ. ಆ ಪಾತ್ರ ತಲೆಯಿಂದ ಕಾಲಿನ ತನಕ ಅವರದು. ಮೊದಲ ಓದಿನಿಂದ ಹಿಡಿದು, ಕೊನೆಯ ಪ್ರದರ್ಶನ ಆಗಿ ಬಟ್ಟೆ ಒಗೆದು ಮಡಿಸಿಡುವ ತನಕ ಅವರದು. ಈ ಒಂದು ಬದಲಾವಣೆ ಮಾಡಿದರೆ ಉಳಿದ ಪಾಠ ತಾನಾಗಿ ಸಾಗುತ್ತದೆ ಎಂದು ನನಗೆ ಖಾತ್ರಿಯಾಗಿದೆ.

ಇದು ಹೊಸ ಉಪಾಯ ಏನಲ್ಲ. ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಹುಡುಗರು ಕಲಿತದ್ದು ಹೀಗೆಯೇ. ಕೋಡಂಗಿ, ಬಾಲಗೋಪಾಲ ವೇಷದಿಂದ ಶುರು ಮಾಡಿದ ಹುಡುಗ ಹಿರಿಯ ವೇಷಧಾರಿಯ ಪಕ್ಕದಲ್ಲಿ ಕೂರುತ್ತಾನೆ. ಮುಂಡಾಸು ಸುತ್ತುವುದನ್ನು ನೋಡುತ್ತಾನೆ, ದಾರ ಎಳೆದು ಕೊಡುತ್ತಾನೆ. ಕೊನೆಗೆ ತನ್ನ ವೇಷ ತಾನೇ ಕಟ್ಟಿಕೊಳ್ಳುತ್ತಾನೆ. ಆಧುನಿಕ ಕನ್ನಡ ರಂಗಭೂಮಿಯಲ್ಲಿ ಪ್ರೇಮಾ ಕಾರಂತರು ವಸ್ತ್ರವಿನ್ಯಾಸವನ್ನೂ ಮಕ್ಕಳ ನಾಟಕವನ್ನೂ ಒಟ್ಟಿಗೆ ಎತ್ತಿಕೊಂಡು ದುಡಿದರು. ಈ ಎರಡು ಕೆಲಸ ಒಂದಕ್ಕೊಂದು ಎಷ್ಟು ಹತ್ತಿರ ಅನ್ನುವುದು ಅವರ ಬದುಕು ನೋಡಿದರೆ ತಿಳಿಯುತ್ತದೆ.

ಶುರು ಮಾಡುವ ಮೊದಲು

ಒಬ್ಬ ಹಿರಿಯರಿಗೆ ನಾಲ್ಕೈದು ಮಕ್ಕಳು ಸಾಕು. ಅದಕ್ಕಿಂತ ಜಾಸ್ತಿ ಆದರೆ ಯಾರ ಕೈಯನ್ನೂ ನೀವು ಸರಿಯಾಗಿ ನೋಡಲಾರಿರಿ. ಎಂಟು ವಾರ ಇಟ್ಟುಕೊಳ್ಳಿ: ವಾರಕ್ಕೆ ಎರಡು ದಿನ, ದಿನಕ್ಕೆ ಎರಡು ಗಂಟೆ, ಕೊನೆಯ ವಾರ ಮಾತ್ರ ದಿನಾಲೂ. ಫೆಬ್ರುವರಿ, ಮಾರ್ಚ್ ಬೇಡ. ಪರೀಕ್ಷೆಯ ಹೊತ್ತಿನಲ್ಲಿ ಮಗುವನ್ನು ಎಳೆದರೆ ಮನೆಯವರು ಇನ್ನೊಮ್ಮೆ ಕಳಿಸುವುದಿಲ್ಲ. ಅವರು ಹಾಗೆ ಮಾಡುವುದು ಸರಿಯೇ.

ಮನೆಯವರ ಜೊತೆ ನೀವೇ ಕೂತು ಮಾತಾಡಿ. ತಾಲೀಮು ರಾತ್ರಿ ಎಷ್ಟಕ್ಕೆ ಮುಗಿಯುತ್ತದೆ, ಮನೆಗೆ ಯಾರು ಬಿಡುತ್ತಾರೆ, ಹೊರಗಿನ ಊರಿನ ಪ್ರದರ್ಶನಕ್ಕೆ ಹೋದರೆ ಜೊತೆಗೆ ಯಾವ ಹೆಂಗಸರು ಇರುತ್ತಾರೆ, ಎಲ್ಲ ಹೇಳಿ. ಒಪ್ಪಿಗೆಯನ್ನು ಕಾಗದದಲ್ಲಿ ಬರೆಸಿಕೊಳ್ಳಿ. ಇನ್ನೂ ಒಂದು ಮಾತು ಬರುತ್ತದೆ: ‘ಗಂಡು ಹುಡುಗ ಹೊಲಿಯೋದಾ?’ ನಮ್ಮ ಪೇಟೆಯ ಟೈಲರ್ ಅಂಗಡಿಗಳಲ್ಲಿ ಮಷಿನ್ ಮುಂದೆ ಕೂತವರು ಯಾರು ಅಂತ ಒಮ್ಮೆ ನೆನಪಿಸಿ, ಸಾಕು.

ಪ್ರತಿ ಮಗುವಿಗೂ ತನ್ನದೇ ಆದ ಅಳತೆ ಟೇಪು, ಸೂಜಿ, ಬಟ್ಟೆಗೆ ಗುರುತು ಹಾಕುವ ಟೈಲರ್ ಚಾಕ್, ಸಣ್ಣ ಕತ್ತರಿ, ಒಂದು ದಪ್ಪ ನೋಟ್‌ಬುಕ್ ಇರಲಿ. ದೊಡ್ಡ ಕತ್ತರಿ ತಂಡದ್ದು. ಆ ಕತ್ತರಿಯಲ್ಲಿ ಕಾಗದ ಕತ್ತರಿಸಬಾರದು, ಕತ್ತರಿಸಿದರೆ ಅದರ ಧಾರೆ ಹೋಗುತ್ತದೆ. ನಾನು ಹಾಕುವ ಮೊದಲ ನಿಯಮ ಇದೇ.

ಹೊಲಿಗೆ ಯಂತ್ರ ಒಂದೇ ಇದ್ದರೂ ಆಯಿತು. ಕಾಲಿನಲ್ಲಿ ತುಳಿಯುವ ಹಳೆಯ ಯಂತ್ರವಾದರೆ ಇನ್ನೂ ಒಳ್ಳೆಯದು, ವೇಗ ಅವರ ಕಾಲಿನಲ್ಲೇ ಇರುತ್ತದೆ. ಮೊದಲ ದಿನ ದಾರ ಹಾಕಬೇಡಿ. ಮೊಂಡಾದ ಹಳೆಯ ಸೂಜಿ ಹಾಕಿ, ಗೆರೆ ಎಳೆದ ನೋಟ್‌ಬುಕ್ ಹಾಳೆಯನ್ನು ಕೊಡಿ. ಸೂಜಿಯ ತೂತು ಗೆರೆಯ ಮೇಲೆಯೇ ಬೀಳಬೇಕು. ಆಮೇಲೆ ಸುರುಳಿ ಗೆರೆ, ಆಮೇಲೆ ಮೂಲೆ. ಅರ್ಧ ಗಂಟೆಯಲ್ಲಿ ಭಯ ಹೋಗುತ್ತದೆ, ಬಟ್ಟೆಯೂ ಹಾಳಾಗುವುದಿಲ್ಲ.

ಮೊದಲ ಓದು, ದೊಡ್ಡ ಹಾಳೆ

ನಟರು ಮಾತು ಓದುವ ಮೊದಲ ದಿನವೇ ವಸ್ತ್ರದ ಮಕ್ಕಳೂ ಅಲ್ಲಿರಬೇಕು. ಅವರಿಗೆ ಒಂದೇ ಕೆಲಸ: ಬಟ್ಟೆಗೆ ಸಂಬಂಧಿಸಿದ್ದು ಏನೇ ಕಿವಿಗೆ ಬಿದ್ದರೂ ಬರೆದುಕೊಳ್ಳುವುದು. ‘ಸೆರಗು ಹಿಡಿದೆಳೆದ’ ಅಂತ ಮಾತು ಬಂದರೆ ಸೆರಗು ಎಳೆಯುವುದಕ್ಕೆ ಸಿಗುವ ಹಾಗೆ ಇರಬೇಕು. ‘ಸೊಂಟದಿಂದ ಚೀಲ ತೆಗೆದ’ ಅಂದರೆ ಸೊಂಟದಲ್ಲಿ ಚೀಲ ನಿಲ್ಲಬೇಕು. ಯಾರು ನೆಲದ ಮೇಲೆ ಉರುಳುತ್ತಾರೆ, ಯಾರು ಮಳೆಯಲ್ಲಿ ನೆಂದು ಬರುತ್ತಾರೆ, ಯಾರಿಗೆ ಎರಡು ದೃಶ್ಯಗಳ ನಡುವೆ ಹತ್ತು ವರ್ಷ ವಯಸ್ಸಾಗುತ್ತದೆ.

ಆಮೇಲೆ ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿ. ಎಡಕ್ಕೆ ಪಾತ್ರಗಳ ಹೆಸರು, ಮೇಲೆ ದೃಶ್ಯಗಳ ಸಂಖ್ಯೆ. ಯಾರು ಯಾವ ದೃಶ್ಯದಲ್ಲಿ ಏನು ಉಟ್ಟಿರುತ್ತಾರೆ ಅಂತ ಮನೆ ಮನೆ ತುಂಬುತ್ತಾ ಹೋಗಿ. ಎಲ್ಲಿ ಗಡಿಬಿಡಿಯಲ್ಲಿ ಬಟ್ಟೆ ಬದಲಿಸಬೇಕೋ ಆ ಮನೆಗೆ ಕೆಂಪು ಬಳಿಯಿರಿ. ಈ ಹಾಳೆ ಎಂಟು ವಾರವೂ ಗೋಡೆ ಮೇಲೆ ಇರಲಿ. ಪಾತ್ರ ಹಂಚುವುದನ್ನೂ ಇದರ ಮುಂದೆಯೇ ಮಾಡಿ. ಹೊಸಬರಿಗೆ ಒಂದೇ ಉಡುಪಿನ ಪಾತ್ರ, ಹೋದ ವರ್ಷ ಕಲಿತವರಿಗೆ ಎರಡು ಮೂರು ಬದಲಾವಣೆ ಇರುವ ಪಾತ್ರ. ಗುಂಪಿನ ಪಾತ್ರಗಳನ್ನು ಕಡೆಗಣಿಸಬೇಡಿ. ಸಂತೆಯ ದೃಶ್ಯದಲ್ಲಿ ಬರುವ ಎಂಟು ಜನರನ್ನು ಒಂದೇ ಊರಿನವರಂತೆ, ಆದರೆ ಎಂಟು ಬೇರೆ ಮನೆಯವರಂತೆ ಕಾಣಿಸುವುದು ರಾಜನ ಉಡುಪಿಗಿಂತ ಕಷ್ಟದ ಕೆಲಸ.

ಹುಡುಕಾಟ: ಫೋನು ಕೊನೆಗೆ

ಇಲ್ಲಿ ಸ್ವಲ್ಪ ಗಟ್ಟಿಯಾಗಿರಿ. ‘ಹಳೆಯ ಕಾಲದ ರಾಜ’ ಅಂತ ಫೋನಿನಲ್ಲಿ ಹುಡುಕಿದರೆ ಸೀರಿಯಲ್ ರಾಜರೇ ಬರುತ್ತಾರೆ: ಹೊಳೆಯುವ ಶೇರ್ವಾನಿ, ಮುತ್ತಿನ ಸರ, ಗರಿ ಸಿಕ್ಕಿಸಿದ ಪೇಟ. ವಿಜಯನಗರದ ಕಾಲದ ಒಂದು ನಾಟಕಕ್ಕೆ ನಮ್ಮ ಹುಡುಗನೊಬ್ಬ ಇಂಥದ್ದೇ ಚಿತ್ರ ತಂದಿದ್ದ. ನಾನು ತಪ್ಪು ಅನ್ನಲಿಲ್ಲ. ತಿರುಮಲದಲ್ಲಿರುವ ಕೃಷ್ಣದೇವರಾಯನ ಲೋಹದ ಮೂರ್ತಿಯ ಫೋಟೊ ಕೊಟ್ಟು, ‘ಪಕ್ಕ ಪಕ್ಕ ಇಟ್ಟು ನೋಡು’ ಅಂದೆ. ಮೂರ್ತಿಯಲ್ಲಿ ರಾಜನ ಎದೆ ಬರಿದು, ತಲೆ ಮೇಲೆ ಎತ್ತರದ ಕುಲ್ಲಾಯಿ ಟೋಪಿ. ಹುಡುಗ ಬಹಳ ಹೊತ್ತು ನೋಡಿದ. ‘ಅಕ್ಕಾ, ಶರ್ಟೇ ಇಲ್ವಲ್ಲ!’ ಅಂದ. ಅಲ್ಲಿಂದ ಅವನ ಹುಡುಕಾಟ ನಿಜವಾಗಿ ಶುರುವಾಯಿತು. ಲೇಪಾಕ್ಷಿಯ ಚಾವಣಿಯ ಚಿತ್ರಗಳು, ಹಂಪಿಯ ವಿರೂಪಾಕ್ಷ ದೇವಸ್ಥಾನದ ಚಾವಣಿ, ಎಲ್ಲ ಹುಡುಕಿ ತಂದ. ಆ ಟೋಪಿಯನ್ನು ರಟ್ಟು, ಹಳೆಯ ಜರಿ ಸೀರೆ ಸೇರಿಸಿ ಅವನೇ ಮಾಡಿದ.

ಹತ್ತಿರದ ಕಾಲದ ಕಥೆಯಾದರೆ ಮನೆಯ ಟ್ರಂಕು ತೆಗೆಸಿ. ಅಜ್ಜಿಯ ಸೀರೆ ಮುಟ್ಟಿ ನೋಡಲಿ, ಅದನ್ನು ಹೇಗೆ ಉಡುತ್ತಿದ್ದರು ಅಂತ ಅಜ್ಜಿಯನ್ನೇ ಕೇಳಲಿ. ಇಳಕಲ್ ಸೀರೆ ಸಿಕ್ಕರೆ ಸೆರಗು ಮೈಗೆ ಸೇರುವ ಜಾಗ ತೋರಿಸಿ. ಅಲ್ಲಿ ಎರಡು ಬೇರೆ ಹಾಸನ್ನು, ಅಂದರೆ ಉದ್ದದ ಎಳೆಗಳನ್ನು, ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸಿರುತ್ತಾರೆ. ತೋಪು ತೆನಿ ಅನ್ನುವುದು ಅದಕ್ಕೇ. ಗುಳೇದಗುಡ್ಡದ ಖಣದ ಕುಪ್ಪಸ ಸಿಕ್ಕರೆ ಅದರ ಹೊಲಿಗೆ ಒಳಗಡೆಯಿಂದ ನೋಡಲಿ. ಮದುವೆ ಫೋಟೊಗಳೂ ಒಳ್ಳೆಯ ಆಧಾರ. ಆದರೆ ಫೋಟೊಕ್ಕೆ ಎಲ್ಲರೂ ಒಳ್ಳೆಯ ಬಟ್ಟೆಯನ್ನೇ ಉಟ್ಟು ನಿಂತಿರುತ್ತಾರೆ, ಅಲ್ವಾ? ಗದ್ದೆಯಲ್ಲಿ ಏನು ಉಡುತ್ತಿದ್ದರು ಅನ್ನುವುದು ಅಲ್ಲಿ ಸಿಗುವುದಿಲ್ಲ. ಅದನ್ನು ಬಾಯಿಬಿಟ್ಟು ಕೇಳಿಯೇ ತಿಳಿಯಬೇಕು.

ಮೊದಲು ಬಟ್ಟೆ, ಆಮೇಲೆ ಪೆನ್ಸಿಲ್

ಬಹಳ ಮಕ್ಕಳು ‘ನನಗೆ ಚಿತ್ರ ಬರಲ್ಲ’ ಅಂತ ಹಿಂದೆ ಸರಿಯುತ್ತಾರೆ. ಚೆನ್ನಾಗಿ ಚಿತ್ರ ಬರೆಯುವ ಮಕ್ಕಳು ಇನ್ನೊಂದು ಗುಂಡಿಗೆ ಬೀಳುತ್ತಾರೆ. ಅವರ ಚಿತ್ರದಲ್ಲಿ ಬಟ್ಟೆಗೆ ಭಾರವೇ ಇರುವುದಿಲ್ಲ. ಹಾಗಾಗಿ ನಾನು ಒಂದು ಚೀಲ ತುಂಬ ತುಂಡು ಬಟ್ಟೆ ಇಟ್ಟುಕೊಂಡಿದ್ದೇನೆ: ಕೋರಾ, ಖಾದಿ, ಮಲ್, ಜಾರ್ಜೆಟ್, ಸ್ಯಾಟಿನ್, ಕಂಬಳಿ, ಗೋಣಿ. ಕಣ್ಣು ಮುಚ್ಚಿಸಿ ಮುಟ್ಟಿಸುತ್ತೇನೆ. ಮುಷ್ಟಿಯಲ್ಲಿ ಹಿಂಡಿ ಬಿಟ್ಟರೆ ಸುಕ್ಕು ಉಳಿಯುತ್ತದಾ? ಎತ್ತಿ ಬಿಟ್ಟರೆ ನೀರಿನ ಹಾಗೆ ಬೀಳುತ್ತದಾ, ನಿಂತುಕೊಳ್ಳುತ್ತದಾ? ನಡೆದರೆ ಸದ್ದು ಬರುತ್ತದಾ? ‘ನಿನ್ನ ಪಾತ್ರ ಇದರಲ್ಲಿ ಯಾವುದು?’ ಅಂತ ಕೇಳಿದರೆ ಹದಿನೈದರ ಮಗುವೂ ಖಚಿತವಾಗಿ ಒಂದನ್ನು ಎತ್ತಿಕೊಡುತ್ತದೆ.

ಅದೇ ತುಂಡುಗಳನ್ನು ಬೆಳಕಿನಲ್ಲಿ ನೋಡಬೇಕು. ಬೆಳಕಿನವರ ಹತ್ತಿರ ದೀಪಕ್ಕೆ ಹಾಕುವ ಬಣ್ಣದ ಹಳೆಯ ಜಿಲೆಟಿನ್ ಹಾಳೆಯ ಚೂರು ಕೇಳಿ ತನ್ನಿ, ಫೋನಿನ ಟಾರ್ಚಿಗೆ ಅಡ್ಡ ಹಿಡಿಯಿರಿ. ನೀಲಿ ಬೆಳಕಿನಲ್ಲಿ ಕೆಂಪು ಸೀರೆ ಕಪ್ಪಾಗುತ್ತದೆ. ಕೆಂಪು ಬೆಳಕಿನಲ್ಲಿ ಹಸಿರು ಸತ್ತುಹೋಗುತ್ತದೆ. ರಾತ್ರಿಯ ದೃಶ್ಯಕ್ಕೆ ಅಂತ ಆಸೆಯಿಂದ ಆರಿಸಿದ ಕುಂಕುಮ ಬಣ್ಣ ಎಲ್ಲಿ ಹೋಯಿತು ಅಂತ ಮಕ್ಕಳು ಬಾಯಿ ಬಿಟ್ಟು ನೋಡುತ್ತಾರೆ. ಇದನ್ನು ಎರಡನೇ ವಾರದಲ್ಲೇ ನೋಡಿಬಿಟ್ಟರೆ ಗ್ರ್ಯಾಂಡ್ ರಿಹರ್ಸಲ್ ದಿನ ಅಳು ಇರುವುದಿಲ್ಲ.

ಈಗ ಪೆನ್ಸಿಲ್ ಕೊಡಿ. ಕಡ್ಡಿ ಮನುಷ್ಯ ಬರೆದು ಅದರ ಮೇಲೆ ಬಟ್ಟೆಯ ಚೂರು ಅಂಟಿಸಿದರೂ ನಡೆಯುತ್ತದೆ. ನಿರ್ದೇಶಕರಿಗೆ ಅದನ್ನು ತೋರಿಸುವುದು ಮಗುವೇ. ನೀವು ಪಕ್ಕದಲ್ಲಿ ನಿಲ್ಲಿ, ಮಾತಾಡಬೇಡಿ. ನಿರ್ದೇಶಕರು ಬೇಡ ಅಂದರೆ ಯಾಕೆ ಬೇಡ ಅಂತ ಮಗು ಕೇಳಲಿ.

ದುಡ್ಡು

ಪ್ರತಿ ಪಾತ್ರಕ್ಕೂ ಒಂದು ಲಕೋಟೆ ಮಾಡಿ, ಅದರಲ್ಲಿ ನಿಮ್ಮ ತಂಡಕ್ಕೆ ಆಗುವಷ್ಟು ದುಡ್ಡು ಇಡಿ. ಸಾವಿರ ರೂಪಾಯಿ ಅಂದುಕೊಳ್ಳಿ. ಖರ್ಚಿನ ಲೆಕ್ಕ ಲಕೋಟೆಯ ಮೇಲೆಯೇ ಬರೆಯಬೇಕು, ಚೀಟಿ ಒಳಗಿಡಬೇಕು. ಅಂಗಡಿಗೆ ಜೊತೆಗೆ ಹೋಗಿ, ಆದರೆ ಚೌಕಾಸಿ ಅವರೇ ಮಾಡಲಿ. ‘ಕಟ್ ಪೀಸ್ ಇದೆಯಾ?’ ಅಂತ ಕೇಳುವುದು, ಪನ್ನ ಎಷ್ಟು ಅಂತ ನೋಡುವುದು ಅಲ್ಲೇ ಕಲಿಯಬೇಕಾದ್ದು. ಪನ್ನ ಅಂದರೆ ಬಟ್ಟೆಯ ಅಗಲ, ಅದು ಕಡಿಮೆ ಇದ್ದರೆ ಮೀಟರು ಜಾಸ್ತಿ ಬೇಕು. ಹತ್ತಿ ಬಟ್ಟೆ ತಂದ ಕೂಡಲೇ ನೀರಿನಲ್ಲಿ ನೆನೆಸಿ ಒಣಗಿಸಬೇಕು, ಕತ್ತರಿಸುವುದು ಆಮೇಲೆ. ಒಂದು ಹಳೆಯ ಸೀರೆಯಲ್ಲಿ ಐದೂವರೆ ಮೀಟರ್ ಬಟ್ಟೆ ಇದೆ ಅನ್ನುವುದನ್ನು ಮಕ್ಕಳ ತಲೆಯಲ್ಲಿ ಕೂರಿಸಿದರೆ ಅರ್ಧ ಬಜೆಟ್ ಉಳಿಯಿತು.

ಅಳತೆ, ಕೋರಾ, ಕೈ ಎತ್ತು

ಅಳತೆ ತೆಗೆಯುವುದು ಇನ್ನೊಬ್ಬರ ಮೈ ಮುಟ್ಟುವ ಕೆಲಸ. ಮೊದಲೇ ಹೇಳಿಕೊಡಿ: ಕೇಳಿ ಮುಟ್ಟಬೇಕು. ಹುಡುಗಿಯರ ಅಳತೆ ಹುಡುಗಿಯರೇ ತೆಗೆಯಬೇಕು. ಬಾಗಿಲು ಹಾಕಿದ ಕೋಣೆಯಲ್ಲಿ ಇಬ್ಬರೇ ಇರಬಾರದು, ಇದು ನಿಮಗೂ ಅನ್ವಯಿಸುತ್ತದೆ. ಅಳತೆಯನ್ನು ಜೋರಾಗಿ ಕೂಗಿ ಹೇಳಬಾರದು, ಯಾರ ದಪ್ಪ ತೆಳ್ಳಗಿನ ಬಗ್ಗೆಯೂ ಒಂದು ಮಾತು ಬರಬಾರದು. ಬಟ್ಟೆ ಹಿಡಿಸದಿದ್ದರೆ ತಪ್ಪು ಬಟ್ಟೆಯದು. ಎದೆ, ಸೊಂಟ, ಭುಜ, ತೋಳು, ಕುತ್ತಿಗೆಯಿಂದ ಸೊಂಟ, ಸೊಂಟದಿಂದ ಪಾದದ ಗಂಟು ಇವೆಲ್ಲ ನೆನಪಿರುತ್ತವೆ. ಎಲ್ಲರೂ ಮರೆಯುವುದು ತಲೆಯ ಸುತ್ತಳತೆ. ಕಿರೀಟ ಕಣ್ಣಿನ ತನಕ ಇಳಿದಾಗ ಅದು ನೆನಪಾಗುತ್ತದೆ.

ನಿಜವಾದ ಬಟ್ಟೆಗೆ ಕತ್ತರಿ ಹಾಕುವ ಮೊದಲು ಅಗ್ಗದ ಕೋರಾ ಬಟ್ಟೆಯಲ್ಲಿ ಒಮ್ಮೆ ಮಾಡಿಸಿ. ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಸಾಕು. ಅದನ್ನು ನಟನಿಗೆ ತೊಡಿಸಿ, ಸುಮ್ನೆ ನಿಲ್ಲಿಸಿ ನೋಡಬೇಡಿ. ಪಾತ್ರ ಮಾಡುವುದೆಲ್ಲ ಮಾಡಿಸಿ.

ಒಮ್ಮೆ ಒಬ್ಬ ಸೈನಿಕನ ಅಂಗಿಯನ್ನು ಹದಿನಾರರ ಹುಡುಗಿ ಹೊಲಿದಿದ್ದಳು. ಕನ್ನಡಿ ಮುಂದೆ ಬಹಳ ಚೆಂದ ಕೂತಿತ್ತು. ನಟ ಕತ್ತಿ ಎತ್ತಿದ, ಎರಡೂ ಕಂಕುಳು ಪರ್ ಅಂತ ಹರಿದವು. ಆ ಹುಡುಗಿಯ ಮುಖ ಇಳಿದುಹೋಯಿತು. ಸೂಜಿ ತೆಗೆದುಕೊಂಡು ನಾನೇ ಸರಿ ಮಾಡಿಬಿಡೋಣ ಅಂತ ಕೈ ಮುಂದೆ ಹೋಯಿತು. ಹಿಂದೆ ಎಳೆದುಕೊಂಡೆ. ‘ಎಲ್ಲಿ ಬಟ್ಟೆ ಸಾಲಲಿಲ್ಲ, ತೋರಿಸು’ ಅಂದೆ. ಅವಳು ಹರಿದ ಜಾಗದಲ್ಲಿ ಬೆರಳು ಹಾಕಿ ಅಗಲಿಸಿದಳು. ಅಲ್ಲಿ ಒಂದು ಚೌಕಾಕಾರದ ತೂತು ಕಂಡಿತು. ‘ಇಷ್ಟು ಬಟ್ಟೆ ಇಲ್ಲಿ ಸೇರಿಸಿದರೆ?’ ಅಂದಳು. ಕಂಕುಳಿನಲ್ಲಿ ಚೌಕದ ತುಂಡು ಓರೆಯಾಗಿ ಇಟ್ಟು ಹೊಲಿಯುವುದು ಟೈಲರುಗಳಿಗೆ ಗೊತ್ತಿರುವ ಹಳೆಯ ಉಪಾಯ. ಅವಳು ಅದನ್ನು ತಾನೇ ಕಂಡುಕೊಂಡಳು. ನಾನು ಎರಡು ನಿಮಿಷದಲ್ಲಿ ಸರಿ ಮಾಡಿಕೊಟ್ಟಿದ್ದರೆ ಅದು ಅವಳದಾಗುತ್ತಿರಲಿಲ್ಲ. ನಿಮ್ಮ ಕೈ ಜೇಬಿನಲ್ಲಿಟ್ಟುಕೊಳ್ಳುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟ, ಅದನ್ನು ಅಭ್ಯಾಸ ಮಾಡಿ.

ಕೊನೆಯ ಸಾಲಿನಿಂದ ನೋಡುವುದು

ಕಸೂತಿ ಬಲ್ಲ ಹುಡುಗಿಯೊಬ್ಬಳು ತನ್ನ ಪಾತ್ರದ ಕುಪ್ಪಸದ ತೋಳಿಗೆ ಗವಂತಿ ಹೊಲಿಗೆಯಲ್ಲಿ ಗೋಪುರ ತೆಗೆದಿದ್ದಳು. ಗಂಟು ಹಾಕದೆ, ಎಳೆ ಎಣಿಸಿ, ಹಿಂದೆ ಮುಂದೆ ಒಂದೇ ಥರ ಕಾಣುವ ಹಾಗೆ. ಮೂರು ಸಂಜೆ ಕೂತಿದ್ದಳು. ನಾನು ಅದನ್ನು ಹೊಗಳಿ, ನಟಿಗೆ ತೊಡಿಸಿ ರಂಗದ ಮೇಲೆ ನಿಲ್ಲಿಸಿ, ಹುಡುಗಿಯನ್ನು ಕೊನೆಯ ಸಾಲಿಗೆ ಕರೆದುಕೊಂಡು ಹೋದೆ. ಅಲ್ಲಿಂದ ಕಂಡದ್ದು ಬರೀ ನೇರಳೆ ತೋಳು.

ಅವಳು ಸುಮ್ಮನೆ ಕೂತಳು. ನಾನೂ ಕೂತೆ. ಸ್ವಲ್ಪ ಹೊತ್ತಾದ ಮೇಲೆ, ‘ನಾಲ್ಕು ಪಟ್ಟು ದೊಡ್ಡದು ಮಾಡಲಾ? ಉಲ್ಲನ್ ದಾರದಲ್ಲಿ?’ ಅಂದಳು. ಮಾಡಿದಳು. ಹತ್ತಿರದಿಂದ ನೋಡಿದರೆ ಒರಟು, ಕೊನೆಯ ಸಾಲಿಗೆ ಸ್ಪಷ್ಟ ಗೋಪುರ. ಮೊದಲಿನ ಕಸೂತಿಯನ್ನು ಬಿಚ್ಚಿಸಬೇಡಿ, ಮನೆಗೆ ಕೊಟ್ಟು ಕಳಿಸಿ. ಅದು ಒಳ್ಳೆಯ ಕೆಲಸ, ಅದರ ಜಾಗ ಬೇರೆ.

ಪ್ರತಿ ಉಡುಪನ್ನೂ ಮಾಡಿದವರೇ ಕೊನೆಯ ಸಾಲಿನಿಂದ ನೋಡಲೇಬೇಕು ಅಂತ ನಿಯಮ ಮಾಡಿ. ಅಂಗಳದ ನಾಟಕವಾದರೆ ಹತ್ತು ಮೀಟರ್ ದೂರ ನಿಂತು ನೋಡಲಿ. ಆಗ ತಿಳಿಯುತ್ತದೆ: ದೂರಕ್ಕೆ ಕಾಣುವುದು ಆಕಾರ, ಬಣ್ಣದ ತಳ ಮತ್ತು ಅಗಲ ಅಂಚು.

ಹೊಸ ಬಟ್ಟೆಯನ್ನು ಹಳೆಯದು ಮಾಡುವುದು

ಮಕ್ಕಳಿಗೆ ಇದರಷ್ಟು ಖುಷಿ ಕೊಡುವ ದಿನ ಇನ್ನೊಂದಿಲ್ಲ. ಬಿಳಿ ಬಟ್ಟೆ ರಂಗದ ಬೆಳಕಿಗೆ ಕಣ್ಣು ಕುಕ್ಕುತ್ತದೆ, ನಟರ ಮುಖಕ್ಕಿಂತ ಪಂಚೆಯೇ ಮುಂದೆ ಬರುತ್ತದೆ. ಒಂದು ದೊಡ್ಡ ಪಾತ್ರೆ ನೀರಿಗೆ ಮೂರು ನಾಲ್ಕು ಹಿಡಿ ಚಹಾಪುಡಿ ಹಾಕಿ ಕುದಿಸಿ ಸೋಸಿ, ಒದ್ದೆ ಮಾಡಿದ ಬಟ್ಟೆಯನ್ನು ಅದರಲ್ಲಿ ಮುಳುಗಿಸಿ ತಿರುವುತ್ತಿರಲಿ. ಕಾಲು ಗಂಟೆ ಬಿಟ್ಟು ತೆಗೆದು ನೋಡಲಿ. ಒಣಗಿದ ಮೇಲೆ ಬಣ್ಣ ಇನ್ನೂ ತಿಳಿಯಾಗುತ್ತದೆ ಅನ್ನುವುದು ಲೆಕ್ಕದಲ್ಲಿರಲಿ. ಹತ್ತಿಗೆ ಇದು ಚೆನ್ನಾಗಿ ಹಿಡಿಯುತ್ತದೆ, ಪಾಲಿಯೆಸ್ಟರಿಗೆ ಹಿಡಿಯುವುದಿಲ್ಲ. ಬಿಸಿ ನೀರು ಎತ್ತುವುದು, ಇಳಿಸುವುದು ಮಾತ್ರ ನೀವೇ ಮಾಡಿ.

ಸವೆತ ಎಲ್ಲಿ ಬೀಳುತ್ತದೆ ಅಂತ ಅವರ ಹಳೆಯ ಯೂನಿಫಾರ್ಮಿನಲ್ಲೇ ತೋರಿಸಿ: ಮೊಣಕೈ, ಕಾಲರು, ಜೇಬಿನ ಬಾಯಿ, ಕೂರುವ ಜಾಗ. ಅಲ್ಲಿ ಮಾತ್ರ ಉಪ್ಪು ಕಾಗದ ಉಜ್ಜಬೇಕು. ಬಡವನ ಅಂಗಿ ಅಂತ ಎಲ್ಲೆಂದರಲ್ಲಿ ತೇಪೆ ಹಾಕಲು ಬಿಡಬೇಡಿ. ಬಡವರು ತೇಪೆಯನ್ನು ಅಚ್ಚುಕಟ್ಟಾಗಿ ಹಾಕಿಕೊಳ್ಳುತ್ತಾರೆ. ಈ ಮಾತು ಮಕ್ಕಳಿಗೆ ಹೇಳಲೇಬೇಕಾದ್ದು.

ಕೊನೆಯ ವಾರ

ಗೋಡೆಯ ಹಾಳೆಯಲ್ಲಿ ಕೆಂಪು ಬಳಿದ ಮನೆಗಳನ್ನು ಈಗ ಗಡಿಯಾರ ಹಿಡಿದು ಅಭ್ಯಾಸ ಮಾಡಿಸಿ. ನಲವತ್ತು ಸೆಕೆಂಡಿನಲ್ಲಿ ವಿಧವೆ ಮದುಮಗಳಾಗಬೇಕಾದರೆ ಸೀರೆ ಉಡಲು ಆಗುವುದಿಲ್ಲ. ನೆರಿಗೆಯನ್ನು ಮೊದಲೇ ಹೊಲಿದು, ಸೊಂಟಕ್ಕೆ ಹುಕ್ಕು ಹಾಕಿಟ್ಟುಕೊಳ್ಳಬೇಕು. ಅಥವಾ ಒಂದರ ಮೇಲೊಂದು ಉಟ್ಟು, ಮೇಲಿನದನ್ನು ಎಳೆದು ಬಿಡಬೇಕು. ಸೈಡ್ ವಿಂಗಿನ ಕತ್ತಲಲ್ಲೇ ಅಭ್ಯಾಸ ನಡೆಯಲಿ. ಇಬ್ಬರು ಉಡಿಸುವವರಿದ್ದರೆ ಯಾರು ಮೇಲೆ, ಯಾರು ಕೆಳಗೆ ಅಂತ ಮೊದಲೇ ಗೊತ್ತಿರಲಿ. ವೆಲ್ಕ್ರೊ ಬೇಗ ಆಗುತ್ತದೆ ನಿಜ. ಆದರೆ ರಂಗದ ಮೇಲೆ ಯಾರೋ ಮೆಲ್ಲಗೆ ಮಾತಾಡುವಾಗ ಒಳಗಿಂದ ಅದು ಚರ್ರ್ ಅಂದರೆ ಇಡೀ ಸಭಾಂಗಣಕ್ಕೆ ಕೇಳುತ್ತದೆ. ಅಂಥ ಕಡೆ ಟಿಚ್ ಬಟನ್ ಅಥವಾ ದೊಡ್ಡ ಹುಕ್ಕು ಹಾಕಿಸಿ.

ಪ್ರದರ್ಶನದ ದಿನ ಪ್ರತಿ ಮಗುವಿನ ಸೊಂಟದಲ್ಲಿ ಒಂದು ಸಣ್ಣ ಚೀಲ: ಬಿಳಿ ಮತ್ತು ಕಪ್ಪು ದಾರ ಪೋಣಿಸಿಟ್ಟ ಸೂಜಿ, ಪಿನ್ನು, ಲಾಡಿ, ಸಣ್ಣ ಕತ್ತರಿ, ಟಾರ್ಚು. ತನ್ನ ನಟ ರಂಗಕ್ಕೆ ಹೋಗುವ ಮೊದಲು ತಲೆಯಿಂದ ಕಾಲಿಗೆ ಒಮ್ಮೆ ನೋಡಿ ಕಳಿಸುವುದು ಆ ಮಗುವಿನ ಹೊಣೆ. ನೀವು ಗ್ರೀನ್ ರೂಮಿನಿಂದ ಹೊರಗೆ ಬಂದು ಜನರ ನಡುವೆ ಕೂತು ನಾಟಕ ನೋಡಿ. ಒಳಗೆ ಏನೋ ತಪ್ಪುತ್ತದೆ, ತಪ್ಪಲಿ. ಅವರು ದಾರಿ ಕಂಡುಕೊಳ್ಳುತ್ತಾರೆ. ಗಾಯ, ಬೆಂಕಿ ಅಂಥದ್ದಾದರೆ ಮಾತ್ರ ಕರೆಯಿರಿ ಅಂತ ಹೇಳಿಟ್ಟಿರಿ.

ಕರಪತ್ರದಲ್ಲಿ ‘ವಸ್ತ್ರ: ತಂಡ’ ಅಂತ ಹಾಕಿಸಬೇಡಿ. ಯಾವ ಪಾತ್ರಕ್ಕೆ ಯಾರು ಅಂತ ಹೆಸರು ಹಿಡಿದು ಹಾಕಿಸಿ. ಆ ಕರಪತ್ರ, ನೋಟ್‌ಬುಕ್, ಕೊನೆಯ ಸಾಲಿನಿಂದ ತೆಗೆದ ಫೋಟೊಗಳು ಸೇರಿದರೆ ಅದೇ ಅವರ ಕೆಲಸದ ದಾಖಲೆ. ಮುಂದೆ ಓದಬೇಕು ಅನ್ನುವವರಿಗೆ ದಾರಿಗಳಿವೆ. ಹೆಗ್ಗೋಡಿನ ನೀನಾಸಂ 1980ರಿಂದ ರಂಗಶಿಕ್ಷಣ ಕೊಡುತ್ತಿದೆ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಪದವಿ ಮುಗಿಸಿದವರಿಗೆ ಮೂರು ವರ್ಷದ ಕೋರ್ಸ್ ಇದೆ, ಅಲ್ಲಿ ವಿನ್ಯಾಸವನ್ನೇ ವಿಶೇಷವಾಗಿ ಕಲಿಯಬಹುದು. ಬೆಂಗಳೂರಿನಲ್ಲೂ ಆ ಶಾಲೆಯ ಕೇಂದ್ರ ಇದೆ. ಇನ್ನೂ ಚಿಕ್ಕವರಾದರೆ ಮೈಸೂರಿನ ರಂಗಾಯಣದ ಬೇಸಿಗೆಯ ಚಿನ್ನರ ಮೇಳ ಒಳ್ಳೆಯ ಬಾಗಿಲು. ಕೆಲವರಿಗೆ ಊರಿನ ಟೈಲರ್ ಹತ್ತಿರ ಆರು ತಿಂಗಳು ಕೂರುವುದೇ ಸರಿಯಾದ ಮುಂದಿನ ಹೆಜ್ಜೆ. ಅದನ್ನೂ ಅಷ್ಟೇ ಗೌರವದಿಂದ ಹೇಳಿ.

ಕೊನೆಯ ಪ್ರದರ್ಶನದ ಮರುದಿನ ಎಲ್ಲರೂ ಬರಬೇಕು. ಬೆವರಿನ ಬಟ್ಟೆ ಮಡಿಸಿಟ್ಟರೆ ಕಲೆ ಕೂರುತ್ತದೆ, ಜರಿ ಕಪ್ಪಾಗುತ್ತದೆ. ಹತ್ತಿಯದು ಒಗೆದು, ಜರಿಯದು ನೆರಳಲ್ಲಿ ಗಾಳಿಗೆ ಹಾಕಿ, ಹಳೆಯ ಪಂಚೆಯಲ್ಲಿ ಸುತ್ತಿ, ಒಣಗಿದ ಬೇವಿನ ಎಲೆ ಹಾಕಿ ಟ್ರಂಕಿನಲ್ಲಿಡಿ. ಪ್ರತಿ ಉಡುಪಿನ ಒಳಗೆ ಒಂದು ಪಟ್ಟಿ ಹೊಲಿಸಿ: ನಾಟಕ, ಪಾತ್ರ, ವರ್ಷ, ಮಾಡಿದವರ ಹೆಸರು. ಪಕ್ಕದ ಹೊಲಿಗೆಗಳಲ್ಲಿ ಎರಡು ಇಂಚು ಬಟ್ಟೆ ಒಳಗೆ ಬಿಟ್ಟಿದ್ದಾರಾ ಅಂತಲೂ ನೋಡಿ. ಮುಂದಿನ ವರ್ಷ ದಪ್ಪಗಿರುವ ನಟ ಬಂದರೆ, ಅದನ್ನು ಬಿಚ್ಚಿ ಅಗಲ ಮಾಡುವುದು ಹೊಸದಾಗಿ ಬಂದವರ ಮೊದಲ ಕೆಲಸ.